ಹಳೇ ನಾಣ್ಯಕ್ಕೆ ಅಸಿಟೋನ್: ಬಳಸಿ ನೋಡಿ ಹೇಳ್ತಿದ್ದೇನೆ

ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಶುದ್ಧ ಅಸಿಟೋನ್ ತಂದೆ. ಅಂಟು ಕರಗಿಸುವ ದ್ರವ ಇದು. ತುಂಬಾ ಖುಷಿಯಾಗಿದೆ.

ನನ್ನ 1862ರ ವಿಕ್ಟೋರಿಯಾ ಬೆಳ್ಳಿ ರೂಪಾಯಿ ವರ್ಷಗಟ್ಟಲೆ ಅಗ್ಗದ ಪ್ಲಾಸ್ಟಿಕ್ ಆಲ್ಬಂನಲ್ಲಿತ್ತು. ಮೇಲೆ ಹಸಿರು ಅಂಟು ಕೂತಿತ್ತು. ಇದು ಪಿವಿಸಿ ಎಂಬ ಪ್ಲಾಸ್ಟಿಕ್‌ನ ಮೆತ್ತನೆಯ ಹಾಳೆಯಿಂದ ಬರುವ ಕೊಳೆ. ಗಾಜಿನ ಲೋಟದಲ್ಲಿ ಅಸಿಟೋನ್ ಹಾಕಿ ನಾಣ್ಯ ಮುಳುಗಿಸಿದೆ, ಮೇಲೆ ತಟ್ಟೆ ಮುಚ್ಚಿದೆ. ಅಂಟು ಕರಗಿತು. ಆದರೆ ರಾಣಿಯ ಕಿರೀಟದ ಸುತ್ತ ಇದ್ದ ಬೂದು ಬಣ್ಣ ಹಾಗೇ ಉಳಿಯಿತು. ನನಗೆ ಬೇಕಿದ್ದದ್ದೂ ಅದೇ! ಆ ಬಣ್ಣ ಕೊಳೆಯಲ್ಲ, ಬೆಳ್ಳಿಯೂ ಗಂಧಕವೂ ಸೇರಿ ಆದ ಪದರ. ಬೆಳ್ಳಿ ತೊಳೆಯುವ ‘ಡಿಪ್’ ಎಂಬ ದ್ರವದಲ್ಲಿ ಅದ್ದಿದರೆ ಆ ಪದರದ ಜೊತೆ ಮೂಲ ಹೊಳಪೂ ಹೋಗುತ್ತದೆ. ಸಂಗ್ರಾಹಕರು ಅಂಥ ನಾಣ್ಯಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ.

ತಾಮ್ರದ ನಾಣ್ಯ ಇದ್ದವರಿಗಂತೂ ಕೈಮುಗಿದು ಕೇಳುತ್ತೇನೆ. ಟಿಪ್ಪು ಕಾಲದ ಆನೆ ಪೈಸೆಗೆ ದಯವಿಟ್ಟು ಹುಣಸೆಹಣ್ಣು ಹಚ್ಚಬೇಡಿ. ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಕೂಡಿದ ಕಂದು ಬಣ್ಣ ನಿಮಿಷದಲ್ಲಿ ಹೋಗಿ, ಗುಲಾಬಿ ತಾಮ್ರ ಬತ್ತಲಾಗುತ್ತದೆ. ಹೋದ ಬಣ್ಣ ಮತ್ತೆ ಬರುವುದಿಲ್ಲ, ಅಲ್ವಾ?

ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆಗೆದಿಡಿ, ಒಲೆಯ ಹತ್ತಿರ ಬೇಡ. ಉಗುರುಬಣ್ಣ ತೆಗೆಯುವ ದ್ರವ ಬೇಡವೇ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆಸಿರುತ್ತಾರೆ. ಕೊನೆಗೆ ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಗಾಳಿಗೆ ಒಣಗಲು ಬಿಡಿ. ಉಜ್ಜಬೇಡಿ. ಹಳೇ ಆಲ್ಬಂ ಎಸೆದು, ಪಿವಿಸಿ ಇಲ್ಲದ ಹಾಳೆಗಳನ್ನೇ ಕೊಳ್ಳಿ.