ಏಎಂಎಸ್‌ಮ್ಯಾತ್: ಸಾಲುಗುಂಪಿಗೆ ಸಂಖ್ಯೆ ಕೊಡುವ ಕೆಲಸದಲ್ಲಿ ಹೇಗಿದೆ?

ಗಣಿತದ ಬರಹವನ್ನು ಅಚ್ಚಿಗೆ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ಹಲವು ಸಾಲಿನ ಸಮೀಕರಣಕ್ಕೆ ಇನ್ನೂ ಹಳೆಯ ಇಕ್ಯೂಎನ್‌ಅರೇ ಪರಿಸರ (ಬಿಗಿನ್, ಎಂಡ್ ಆದೇಶಗಳ ನಡುವಿನ ಭಾಗ) ಬಳಸುತ್ತಿದ್ದರೆ ದಯವಿಟ್ಟು ಬಿಡಿ. ಸಮಚಿಹ್ನೆಯ ಎರಡೂ ಬದಿ ಅದು ಬೇಡದಷ್ಟು ಜಾಗ ಬಿಡುತ್ತದೆ. ಸಾಲು ಉದ್ದವಾದರೆ ಸಂಖ್ಯೆಯ ಮೇಲೇ ಹತ್ತುತ್ತದೆ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಏಎಂಎಸ್‌ಮ್ಯಾತ್ ಪ್ಯಾಕೇಜಿಗೆ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಕಟ್ಟು) ವರ್ಷಗಟ್ಟಲೆ ಬಳಸಿದ ಮೇಲೂ ಬದಲಿ ಬೇಕೆನಿಸಿಲ್ಲ.

ಬರೆಯುವ ಮೊದಲು ಒಂದು ತೀರ್ಮಾನ ಆಗಬೇಕು: ಇವು ಒಂದೇ ಲೆಕ್ಕದ ಹಂತಗಳೋ, ಒಟ್ಟಿಗೆ ನಿಲ್ಲುವ ಬೇರೆಬೇರೆ ಸಮೀಕರಣಗಳೋ? ಹಂತಗಳಾದರೆ ಇಕ್ವೇಶನ್ ಪರಿಸರದ ಒಳಗೆ ಸ್ಪ್ಲಿಟ್ ಪರಿಸರ. ಇಡೀ ಗುಂಪಿಗೆ ಒಂದೇ ಸಂಖ್ಯೆ ನಡುಮಟ್ಟದಲ್ಲಿ ಬರುತ್ತದೆ. ಕೊನೆಯ ಸಾಲಿನ ಬಲಕ್ಕೆ ಬೇಕಾದರೆ ಪ್ಯಾಕೇಜ್ ಕರೆಯುವಾಗ ಟಿಬಿಟ್ಯಾಗ್ಸ್ ಆಯ್ಕೆ ಕೊಡಿ. ಮ್ಯಾಕ್ಸ್‌ವೆಲ್‌ನ ನಾಲ್ಕು ಸಮೀಕರಣಗಳಂಥ ಗುಂಪಾದರೆ ಸಬ್‌ಇಕ್ವೇಶನ್ಸ್ ಒಳಗೆ, ಸಾಲುಸಾಲಿಗೂ ಸಂಖ್ಯೆ ಕೊಡುವ ಅಲೈನ್: 2.1ಎ ಇಂದ 2.1ಡಿ ತನಕ ತಾನಾಗಿ ಬೀಳುತ್ತದೆ. ಸಬ್‌ಇಕ್ವೇಶನ್ಸ್ ತೆರೆದ ಕೂಡಲೇ ಇಟ್ಟ ಲೇಬಲ್ (ಬೇರೆಡೆ ಉಲ್ಲೇಖಿಸಲು ಕೊಡುವ ಹೆಸರು) 2.1 ಅನ್ನು, ಅಂದರೆ ಇಡೀ ಗುಂಪನ್ನು, ಹಿಡಿಯುತ್ತದೆ. ಸಾಲಿನ ಲೇಬಲ್ ಮಾತ್ರ ಸಾಲು ಮುರಿಯುವ ಜೋಡಿ ಬ್ಯಾಕ್‌ಸ್ಲ್ಯಾಶ್‌ಗೆ ಮೊದಲೇ ಇರಬೇಕು. ಅದರಾಚೆ ಇಟ್ಟರೆ ಮುಂದಿನ ಸಾಲಿನ ಪಾಲು. ಸಾಲಿನ ಸಂಖ್ಯೆ ತೆಗೆಯುವ ನೋಟ್ಯಾಗ್‌ಗೂ ಇದೇ ನಿಯಮ.

ನಿಜವಾದ ಕೊರತೆ ಇರುವುದು ಪುಷ್ಪಾವರಣದಲ್ಲಿ ({ ಚಿಹ್ನೆ). ಸಾಲುಗಳನ್ನು ಒಂದೇ ತುಂಡಾಗಿ ಜೋಡಿಸುವ ಅಲೈನ್ಡ್ ಸುತ್ತ, ಒಳಗಿನದಕ್ಕೆ ತಕ್ಕಂತೆ ಆವರಣ ಹಿಗ್ಗಿಸುವ ಲೆಫ್ಟ್-ರೈಟ್ ಹಾಕಿದರೆ ಆವರಣ ಚೆನ್ನಾಗಿ ಬರುತ್ತದೆ, ಆದರೆ ಸಂಖ್ಯೆ ಒಂದೇ. ಆವರಣವೂ ಬೇಕು, ಸಾಲುಸಾಲಿಗೆ ಸಂಖ್ಯೆಯೂ ಬೇಕು ಎಂದರೆ ಎಂಪ್‌ಹೆಕ್ ಪ್ಯಾಕೇಜನ್ನೇ ಹಿಡಿಯಬೇಕು. ಅದರ ಎಡ ಆಯ್ಕೆಯಲ್ಲಿ ಆವರಣ ಕೊಟ್ಟು ಒಳಗೆ ಅಲೈನ್ ಬರೆಯುವುದು. ಷರತ್ತಿಗೊಂದು ಬೆಲೆ ಬರೆಯುವ ಕೇಸಸ್‌ನಲ್ಲಿ ಭಿನ್ನರಾಶಿಗಳು ಕುಗ್ಗಿ ಕಾಣುತ್ತವೆ, ಮ್ಯಾತ್‌ಟೂಲ್ಸ್ ಪ್ಯಾಕೇಜಿನ ಡಿಕೇಸಸ್ ಅದನ್ನು ಸರಿಪಡಿಸುತ್ತದೆ.

ಅಲೈನ್ ಒಳಗೆ ಖಾಲಿ ಸಾಲು ಬಿಟ್ಟರೆ ಕಂಪೈಲ್ ನಿಲ್ಲುತ್ತದೆ. ಕೊನೆಯ ಸಾಲಿಗೂ ಜೋಡಿ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಖಾಲಿ ಸಾಲಿಗೊಂದು ಸಂಖ್ಯೆ ಹುಟ್ಟಿಕೊಳ್ಳುತ್ತದೆ. ಒಂದು ಸಾಲಿನಲ್ಲಿ ತೆರೆದ ಲೆಫ್ಟ್ ಮುಂದಿನ ಸಾಲಿನಲ್ಲಿ ಮುಚ್ಚುವುದಿಲ್ಲ. ಎರಡು ಕಡೆಯೂ ಬಿಗ್ಗ್‌ನಂಥ ನಿಗದಿತ ಗಾತ್ರ ಬಳಸುವುದೇ ಲೇಸು. ಪುಟ ಮುರಿಯಲು ಅಲೌಡಿಸ್‌ಪ್ಲೇಬ್ರೇಕ್ಸ್ ಇದೆ, ಆದರೆ ಸ್ಪ್ಲಿಟ್, ಅಲೈನ್ಡ್‌ಗಳ ಮೇಲೆ ಅದರ ಆಟ ನಡೆಯದು. ಉದ್ದನೆಯ ಗಣಿತ ಸಾಧನೆಗೆ ಅಲೈನ್ ಬರೆದು, ಸಂಖ್ಯೆ ಬೇಡದ ಸಾಲುಗಳಿಗೆ ನೋಟ್ಯಾಗ್ ಹಾಕಿ.

ಸಮೀಕರಣದ ನಡುವೆ 'ಆದ್ದರಿಂದ' ಎಂದು ಕನ್ನಡದಲ್ಲೇ ಬರೆಯುವವರಿಗೆ ಇಂಟರ್‌ಟೆಕ್ಸ್ಟ್ ಇದೆ, ಜೋಡಣೆ ಕೆಡುವುದಿಲ್ಲ. ಇದಕ್ಕೆ ಯೂನಿಕೋಡ್ ಬಲ್ಲ ಲೇಟೆಕ್ ಆವೃತ್ತಿಯಾದ ಝೀಲೇಟೆಕ್ ಮತ್ತು ಕನ್ನಡ ಫಾಂಟ್ ಸಾಕು. ಇನ್ನೊಂದು ಆವೃತ್ತಿ ಲುವಾಲೇಟೆಕ್ ಆದರೆ, ಫಾಂಟ್ ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜಿನಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ರೆಂಡರರ್ ಆರಿಸಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಡಬಹುದು.