ಮೌಂಟ್ ಮಾಡಿದ ಬಕೆಟ್‌ನ ಹಳಸಿದ ಫೈಲ್ ಪಟ್ಟಿ: ಬಳಸಿ ನೋಡಿದ ಐದು ದಾರಿಗಳ ಹೋಲಿಕೆ

ಬಕೆಟ್ ಎಂದರೆ ಕ್ಲೌಡ್‌ನಲ್ಲಿ ಫೈಲ್‌ಗಳನ್ನು ಇಡುವ ಸಂಗ್ರಹ, ಅದು ನಮ್ಮ ಯಂತ್ರದ ಫೋಲ್ಡರಿನಂತೆ ಕಾಣುವ ಹಾಗೆ ಜೋಡಿಸುವುದೇ ಮೌಂಟ್. ಈ ಹೋಲಿಕೆಯಲ್ಲಿ ನನ್ನ ಒಲವು ಹಾಗೆ ಜೋಡಿಸುವ ಆರ್‌ಕ್ಲೋನ್ ಎಂಬ ಉಪಕರಣದ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಿಚಿತ್ರವೆಂದರೆ ನನಗೆ ದೊಡ್ಡ ಪೆಟ್ಟು ಬಿದ್ದದ್ದೂ ಅದನ್ನು ಬಳಸುವಾಗಲೇ. ಪೆಟ್ಟು ತಿಂದ ಮೇಲೆ ಉಳಿದ ದಾರಿಗಳನ್ನೆಲ್ಲ ಒಂದೊಂದು ವಾರ ಬಳಸಿ ನೋಡಿ, ಕೊನೆಗೆ ಅಲ್ಲಿಗೇ ಮರಳಿದೆ. ಓದುವ ವೇಗ, ಅನುಸ್ಥಾಪನೆಯ ಕ್ರಮ ಮುಂತಾದವು ಆಯಾ ಉಪಕರಣದ ಕೈಪಿಡಿಯಲ್ಲೇ ಸಿಗುವುದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ. ನನಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ನೋಟ್‌ಬುಕ್ (ಪೈಥಾನ್ ಕೋಡನ್ನು ‘ಸೆಲ್’ ಎಂಬ ತುಂಡುಗಳಾಗಿ ಬರೆದು ಓಡಿಸುವ ಪುಟ) ತೆರೆದು ಕುಳಿತಿರುವಾಗ ಬಕೆಟ್‌ಗೆ ಹೊಸದಾಗಿ ಬಂದು ಬಿದ್ದದ್ದು ನನ್ನ ಕಣ್ಣಿಗೆ ಯಾವಾಗ ಕಾಣುತ್ತದೆ?

ನನ್ನ ಕೆಲಸದ ರೀತಿಯನ್ನು ಹೇಳದಿದ್ದರೆ ಮುಂದಿನ ಮಾತಿಗೆ ಅರ್ಥವಿರುವುದಿಲ್ಲ. ಸೋಮವಾರ ತೆರೆದ ಜುಪಿಟರ್ ನೋಟ್‌ಬುಕ್ಕನ್ನು ನಾನು ಸಾಮಾನ್ಯವಾಗಿ ಶುಕ್ರವಾರದವರೆಗೂ ಮುಚ್ಚುವುದಿಲ್ಲ. ಬೇರೊಂದು ಯಂತ್ರವು ಪ್ರತಿ 15 ನಿಮಿಷಕ್ಕೊಮ್ಮೆ ಎಸ್3 (ಅಮೆಜಾನ್‌ನ ಕ್ಲೌಡ್ ಸಂಗ್ರಹ) ಬಗೆಯ ಬಕೆಟ್‌ಗೆ ಒಂದು ಪಾರ್ಕೆ (ಕೋಷ್ಟಕದ ದತ್ತಾಂಶವಿಡುವ) ಫೈಲನ್ನು ಸೇರಿಸುತ್ತದೆ ಮತ್ತು ದಿನದ ಸಾರಾಂಶವಿರುವ ಒಂದು ಸಿಎಸ್‌ವಿ ಫೈಲನ್ನು ಅದೇ ಹೆಸರಿನಲ್ಲಿ ಮತ್ತೆ ಮತ್ತೆ ಬರೆಯುತ್ತದೆ. ಹೊಸ ಫೈಲ್ ಬರುವುದು ಒಂದು ಬಗೆಯ ಬದಲಾವಣೆ, ಇದ್ದ ಫೈಲ್ ಒಳಗೊಳಗೇ ಬದಲಾಗುವುದು ಇನ್ನೊಂದು ಬಗೆ. ಮೊದಲನೆಯದನ್ನು ಚೆನ್ನಾಗಿ ನಿಭಾಯಿಸುವ ಉಪಕರಣವು ಎರಡನೆಯದನ್ನೂ ನಿಭಾಯಿಸುತ್ತದೆ ಎಂದು ನಂಬುವಂತಿಲ್ಲ.

ಹಳೆಯದು ಕಂಡಾಗ ನಾವು ದೂರದ ಸಂಗ್ರಹವನ್ನೇ ಬೈಯುವುದು ವಾಡಿಕೆ. ಆದರೆ ಅಮೆಜಾನ್ ಎಸ್3 2020ರ ಡಿಸೆಂಬರ್‌ನಿಂದ, ಬರೆದದ್ದು ಮರುಕ್ಷಣವೇ ಓದಿಗೂ ಪಟ್ಟಿಗೂ ಸಿಗುವ ಖಾತರಿಯನ್ನು ಕೊಡುತ್ತಿದೆ. ಗೂಗಲ್‌ನ ಸಂಗ್ರಹವೂ ಹಾಗೆಯೇ ನಡೆದುಕೊಳ್ಳುತ್ತದೆ. ಹಾಗಾಗಿ ಇಂದು ಹಳೆಯದು ಕಾಣುತ್ತಿದ್ದರೆ, ಅದು ಹೆಚ್ಚಿನ ಪಾಲು ನಮ್ಮ ಯಂತ್ರದಲ್ಲೇ ಇರುವ ಯಾವುದೋ ಕ್ಯಾಶ್‌ನ (ಮತ್ತೆ ಕೇಳದಿರಲು ನೆನಪಿಟ್ಟುಕೊಂಡ ಪ್ರತಿಯ) ಕೆಲಸ: ಮೌಂಟ್ ಮಾಡಿದ ಉಪಕರಣದ್ದು, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನದು, ಪೈಥಾನ್ ಲೈಬ್ರರಿಯದು, ಇಲ್ಲವೇ ಹಿಂದಿನ ಸೆಲ್‌ನಲ್ಲಿ ತುಂಬಿಟ್ಟ ವೇರಿಯಬಲ್‌ನದು.

ಇನ್ನು ಪೆಟ್ಟಿನ ಕಥೆ. ಆರ್‌ಕ್ಲೋನ್ ಮೌಂಟ್ ಮಾಡುವಾಗ ‘ಡಿರ್-ಕ್ಯಾಶ್-ಟೈಮ್’ ಎಂಬ ಆಯ್ಕೆಯಿದೆ. ಒಮ್ಮೆ ತಂದ ಫೋಲ್ಡರ್ ಪಟ್ಟಿಯನ್ನು ಎಷ್ಟು ಹೊತ್ತು ನಂಬಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ, ಮತ್ತು ನಾವೇನೂ ಹೇಳದಿದ್ದರೆ ಆ ಅವಧಿ 5 ನಿಮಿಷ. ಯಾರೋ ತಮ್ಮ ಬಳಕೆಗೆ ಬರೆದುಕೊಂಡಿದ್ದ ಸಾಲೊಂದನ್ನು ನಾನು ಹಿಂದುಮುಂದು ನೋಡದೆ ನಕಲು ಮಾಡಿದ್ದೆ. ಅದರಲ್ಲಿ ಆ ಅವಧಿ 1000 ಗಂಟೆ, ಅಂದರೆ 41 ದಿನಗಳಿಗೂ ಹೆಚ್ಚು. ಬರೆದವರ ತಪ್ಪೇನೂ ಇರಲಿಲ್ಲ. ಅವರು ಬಳಸುತ್ತಿದ್ದದ್ದು ಗೂಗಲ್ ಡ್ರೈವ್. ಅಲ್ಲಿ ಆರ್‌ಕ್ಲೋನ್ ನಿಮಿಷಕ್ಕೊಮ್ಮೆ ‘ಏನಾದರೂ ಬದಲಾಯಿತೇ’ ಎಂದು ಕೇಳುತ್ತದೆ ಮತ್ತು ಬದಲಾದ ಫೋಲ್ಡರಿನ ನೆನಪನ್ನು ತಾನೇ ಅಳಿಸಿಕೊಳ್ಳುತ್ತದೆ. ಎಸ್3 ಬಗೆಯ ಸಂಗ್ರಹಗಳಿಗೆ ಆ ವಿಚಾರಿಸುವ ಸೌಲಭ್ಯವೇ ಇಲ್ಲ. ಅಲ್ಲಿ 1000 ಗಂಟೆ ಎಂದರೆ 1000 ಗಂಟೆಯೇ.

ಪರಿಣಾಮವಾಗಿ ನನ್ನ ಫೋಲ್ಡರ್ ಸೋಮವಾರ ಬೆಳಿಗ್ಗೆ ಹೇಗಿತ್ತೋ ಗುರುವಾರವೂ ಹಾಗೆಯೇ ಕಾಣಿಸುತ್ತಿತ್ತು. ಇಡೀ ಫೋಲ್ಡರನ್ನು ಒಟ್ಟಿಗೆ ಓದುವ ಪಾಂಡಾಸ್ (ಪೈಥಾನ್‌ನ ದತ್ತಾಂಶ ಲೈಬ್ರರಿ) ಆಜ್ಞೆಗೆ ಸಿಕ್ಕಿದ್ದು ಹಳೆಯ ಫೈಲ್‌ಗಳು ಮಾತ್ರ. ಅವುಗಳನ್ನು ಅದು ಅಚ್ಚುಕಟ್ಟಾಗಿ ಓದಿ ನನ್ನ ಮುಂದಿಟ್ಟಿತು. ದೋಷದ ಸಂದೇಶ ಬರಲಿಲ್ಲ, ನಕ್ಷೆಯ ಗೆರೆಯೂ ಅನುಮಾನಕ್ಕೆ ಎಡೆಕೊಡುವಂತಿರಲಿಲ್ಲ, ಏಕೆಂದರೆ ಆ ವಾರ ನಾನು ದಿನಾಂಕವಾರು ನೋಡದೆ ಸರಾಸರಿಯನ್ನಷ್ಟೇ ನೋಡುತ್ತಿದ್ದೆ. ಬಕೆಟ್ಟನ್ನು ನೇರವಾಗಿ ನೋಡಿದ ಸಹೋದ್ಯೋಗಿಯೊಬ್ಬರು ‘ನಿಮ್ಮ ಎಣಿಕೆಯಲ್ಲಿ ಕೆಲವು ನೂರು ಫೈಲ್‌ಗಳು ಕಡಿಮೆ ಇವೆಯಲ್ಲ’ ಎಂದಾಗಲೇ ಗೊತ್ತಾದದ್ದು. ಅಷ್ಟು ಹೊತ್ತಿಗೆ ಮೂರು ದಿನದ ಲೆಕ್ಕ ಬೇರೆಯವರ ಕೈ ಸೇರಿತ್ತು.

ಪಟ್ಟಿ ಹಳಸಿದಾಗ ಯಾರೂ ದೂರು ಹೇಳುವುದಿಲ್ಲ ಎಂಬುದೇ ಈ ತೊಂದರೆಯ ಕೆಟ್ಟ ಗುಣ. ಫೈಲಿನ ಉದ್ದ ಹಳಸಿದಾಗ ಕೆಲವೊಮ್ಮೆ ಅದೃಷ್ಟ ನಮ್ಮ ಕಡೆಗಿರುತ್ತದೆ: ಪಾರ್ಕೆ ಫೈಲಿನ ವಿವರಗಳು ಅದರ ತುದಿಯಲ್ಲಿರುವುದರಿಂದ, ಹಳೆಯ ಉದ್ದವನ್ನು ನಂಬಿ ಅರ್ಧದಲ್ಲೇ ನಿಂತ ಓದು ತಕ್ಷಣ ಮುರಿದುಬೀಳುತ್ತದೆ. ಸಿಎಸ್‌ವಿಯಲ್ಲಿ ಆ ಭಾಗ್ಯವೂ ಇಲ್ಲ. ಕತ್ತರಿಸಿದ ಜಾಗ ಸಾಲಿನ ಕೊನೆಯಾಗಿದ್ದರೆ ಅದು ಪೂರ್ಣ ಫೈಲಿನಂತೆಯೇ ಕಾಣುತ್ತದೆ. ಆರ್‌ಕ್ಲೋನ್‌ನ ಕೈಪಿಡಿಯೇ ‘ಆಟ್ರ್-ಟೈಮ್‌ಔಟ್’ ಎಂಬ ಆಯ್ಕೆಯ ಕೆಳಗೆ ಈ ಎಚ್ಚರಿಕೆಯನ್ನು ಕೊಡುತ್ತದೆ. ಕರ್ನಲ್ ಫೈಲಿನ ಗಾತ್ರವನ್ನು ನೆನಪಿಟ್ಟುಕೊಳ್ಳುವ ಆ ಅವಧಿ ತಾನಾಗಿ 1 ಸೆಕೆಂಡ್ ಇರುತ್ತದೆ. ವೇಗದ ಆಸೆಗೆ ಅದನ್ನು ಹಿಗ್ಗಿಸಬೇಡಿ.

ಇಷ್ಟಾದ ಮೇಲೂ ಆರ್‌ಕ್ಲೋನ್ ಏಕೆ ಎಂದರೆ, ಅದರಲ್ಲಿ ‘ಈಗ ಮರೆತುಬಿಡು’ ಎಂದು ಹೇಳಲು ಸಾಧ್ಯವಿದೆ. ಮೌಂಟ್ ಮಾಡುವಾಗ ‘ಆರ್‌ಸಿ’ ಆಯ್ಕೆಯನ್ನು ಸೇರಿಸಿದರೆ, ನಂತರ ನೋಟ್‌ಬುಕ್‌ನ ಯಾವುದೇ ಸೆಲ್‌ನಿಂದ ‘ವಿಎಫ್‌ಎಸ್/ಫರ್ಗೆಟ್’ ಎಂಬ ಆಜ್ಞೆಯನ್ನು ಕಳುಹಿಸಿ, ಇಡೀ ಮೌಂಟಿನ ಅಥವಾ ಒಂದೇ ಫೋಲ್ಡರಿನ ನೆನಪನ್ನು ಅಳಿಸಬಹುದು. ‘ವಿಎಫ್‌ಎಸ್/ರಿಫ್ರೆಶ್’ ಎಂದರೆ ಅಳಿಸುವುದಷ್ಟೇ ಅಲ್ಲದೆ ಹೊಸ ಪಟ್ಟಿಯನ್ನು ಆಗಲೇ ತಂದಿಡುತ್ತದೆ. ಆರ್‌ಸಿ ಇಲ್ಲದೆ ಮೌಂಟ್ ಮಾಡಿದ್ದರೂ, ಆರ್‌ಕ್ಲೋನ್ ಪ್ರಕ್ರಿಯೆಗೆ ‘ಸಿಗ್‌ಹಪ್’ ಸಂಕೇತ ಕಳುಹಿಸಿದರೆ ಫೋಲ್ಡರ್ ಪಟ್ಟಿಗಳೆಲ್ಲ ಅಳಿಯುತ್ತವೆ. ಮೌಂಟ್ ಕಳಚಬೇಕಿಲ್ಲ, ಸೆಷನ್ ಕೆಡುವುದಿಲ್ಲ. ಫೈಲಿನ ಒಳಗಿನ ದತ್ತಾಂಶವನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುವ ‘ಫುಲ್’ ಕ್ಯಾಶ್ ವಿಧಾನದಲ್ಲಿಯೂ, ತೆರೆಯುವಾಗ ಗಾತ್ರ, ಮಾರ್ಪಾಡಿನ ಸಮಯ, ಹ್ಯಾಶ್ (ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ ಸಂಖ್ಯೆ) ಇವುಗಳಿಂದಾದ ಗುರುತನ್ನು ಹೋಲಿಸಿ, ಬದಲಾಗಿದ್ದರೆ ಇಟ್ಟುಕೊಂಡದ್ದನ್ನು ಎಸೆಯುತ್ತದೆ. ಬರೆಯುವ ಕಡೆ ಒಂದು ಎಚ್ಚರಿಕೆ ಬೇಕು: ಆ ವಿಧಾನದಲ್ಲಿ ಫೈಲ್ ಮುಚ್ಚಿದ 5 ಸೆಕೆಂಡುಗಳ ನಂತರವೇ ಮೇಲಕ್ಕೆ ಕಳುಹಿಸುವ ಕೆಲಸ ಆರಂಭವಾಗುವುದರಿಂದ, ಸೆಲ್ ಮುಗಿದ ತಕ್ಷಣ ಯಂತ್ರವನ್ನು ಆರಿಸಬಾರದು.

ಎಸ್3 ಬಕೆಟ್ಟನ್ನು ಮೌಂಟ್ ಮಾಡುವ ಇನ್ನೊಂದು ಉಪಕರಣವಾದ ಎಸ್3ಎಫ್‌ಎಸ್-ಫ್ಯೂಸ್ ನಾನು ಹಿಂದೆ ವರ್ಷಗಟ್ಟಲೆ ಬಳಸಿದ್ದು. ಅದು ಫೈಲಿನ ಗುಣವಿವರಗಳನ್ನು (ಗಾತ್ರ, ಮಾರ್ಪಾಡಿನ ಸಮಯ ಮುಂತಾದವು) ತಾನಾಗಿ 900 ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ. 900 ಸೆಕೆಂಡ್ ಎಂದರೆ 15 ನಿಮಿಷ, ನನ್ನ ದತ್ತಾಂಶ ಬರುವ ಅಂತರವೂ 15 ನಿಮಿಷ! ಮಾರ್ಪಾಡಿನ ಸಮಯ ಬದಲಾಗಿದ್ದರೆ ಮಾತ್ರ ಮತ್ತೆ ಓದು ಎಂದು ನಾನು ಬರೆದಿದ್ದ ಸಣ್ಣ ಕೋಡ್, ಈ ಕಾಕತಾಳೀಯದಿಂದಾಗಿ ಆಗಾಗ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತಿತ್ತು. ಅವಧಿಯನ್ನು ತಗ್ಗಿಸಬಹುದು, ಅದು ಸುಲಭ. ಆದರೆ ತಗ್ಗಿಸಿದಷ್ಟೂ ಬಕೆಟ್‌ಗೆ ಹೋಗುವ ವಿನಂತಿಗಳು ಹೆಚ್ಚುತ್ತವೆ.

ಗೂಗಲ್ ಬಕೆಟ್‌ಗಳನ್ನು ಮೌಂಟ್ ಮಾಡುವ ಜಿಸಿಎಸ್‌ಫ್ಯೂಸ್‌ಗಾಗಿ ದತ್ತಾಂಶದ ಒಂದು ಪ್ರತಿಯನ್ನು ಗೂಗಲ್ ಬಕೆಟ್‌ನಲ್ಲಿಟ್ಟು ನೋಡಿದೆ. ಗುಣವಿವರಗಳ ಅವಧಿ ತಾನಾಗಿ 60 ಸೆಕೆಂಡ್. ಸೊನ್ನೆಗೆ ಇಳಿಸಿದರೆ ಪ್ರತಿ ಸಲವೂ ಬಕೆಟ್ಟನ್ನೇ ಕೇಳುತ್ತದೆ, ‘-1’ ಕೊಟ್ಟರೆ ಎಂದೂ ಕೇಳುವುದಿಲ್ಲ. ನಾನು ತೆರೆದಿಟ್ಟ ಫೈಲನ್ನು ಬೇರೆಯವರು ಅಷ್ಟರಲ್ಲಿ ಮೇಲ್ಬರೆದರೆ ಅದು ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂಬ ದೋಷವನ್ನು ಕೊಡುತ್ತದೆ. ಹಲವರಿಗೆ ಇದು ಕಿರಿಕಿರಿಯೆನಿಸಬಹುದು, ಆದರೆ ಮೂರು ದಿನ ಮೌನವಾಗಿ ಮೋಸಹೋದ ನನಗೆ ಆ ಸಾಲು ಬಹಳ ಹಿಡಿಸಿತು. ನನ್ನ ಮೂಲ ದತ್ತಾಂಶ ಗೂಗಲ್ ಬಕೆಟ್‌ನಲ್ಲೇ ಇದ್ದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತೋ ಏನೋ.

ಅಮೆಜಾನ್‌ನವರೇ 2023ರಲ್ಲಿ ಬಿಡುಗಡೆ ಮಾಡಿದ ಮೌಂಟ್‌ಪಾಯಿಂಟ್, ತಾಜಾತನದ ವಿಷಯದಲ್ಲಿ ಎಲ್ಲಕ್ಕಿಂತ ನೆಟ್ಟಗಿದೆ. ಕ್ಯಾಶ್ ಇಲ್ಲದೆ ಮೌಂಟ್ ಮಾಡಿದರೆ ಅದು ಗುಣವಿವರಗಳನ್ನು ಕನಿಷ್ಠ ಹೊತ್ತಷ್ಟೇ ಇಟ್ಟುಕೊಳ್ಳುತ್ತದೆ. ಕ್ಯಾಶ್ ಬೇಕೆಂದರೆ ಆ ಅವಧಿ 60 ಸೆಕೆಂಡಿಗೆ ಏರುತ್ತದೆ. ಕೇವಲ ಓದುವವರು ಬೇರೇನೂ ಹುಡುಕಬೇಕಿಲ್ಲ. ನನ್ನ ತೊಡಕು ನನ್ನ ಅಭ್ಯಾಸದಿಂದ ಬಂದದ್ದು: ನೋಟ್‌ಬುಕ್ ಫೈಲನ್ನೂ ಸಣ್ಣಪುಟ್ಟ ಸಂರಚನಾ ಫೈಲ್‌ಗಳನ್ನೂ ನಾನು ಅದೇ ಬಕೆಟ್‌ನಲ್ಲಿಟ್ಟು ತಿದ್ದುತ್ತೇನೆ. ಮೌಂಟ್‌ಪಾಯಿಂಟ್ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಬರೆಯುವುದನ್ನು ಮಾತ್ರ ಒಪ್ಪುತ್ತದೆ. ಇದ್ದ ಫೈಲನ್ನು ಮೇಲ್ಬರೆಯಲು ಪ್ರತ್ಯೇಕ ಅನುಮತಿಯ ಆಯ್ಕೆ ಬೇಕು, ನಡುವೆ ತಿದ್ದಲು ಬಿಡುವುದಿಲ್ಲ.

ಅವಧಿಯನ್ನು ದೊಡ್ಡದಿಟ್ಟು, ಬೇಕಾದಾಗ ಕಳಚಿ ಮತ್ತೆ ಮೌಂಟ್ ಮಾಡಿದರಾಯಿತು ಎಂದು ಕೆಲವರು ಹೇಳುತ್ತಾರೆ. ತಾನಾಗಿ ನಡೆಯುವ ಸ್ಕ್ರಿಪ್ಟ್‌ಗೆ ಅದು ಸರಿ. ತೆರೆದ ಸೆಷನ್‌ನಲ್ಲಿ ಮಾತ್ರ ಅದು ಗೋಳು: ನೋಟ್‌ಬುಕ್ ಆ ಫೋಲ್ಡರಿನಲ್ಲೇ ನಿಂತಿದ್ದರೆ ‘ಡಿವೈಸ್ ಬ್ಯುಸಿ’ ಎಂದು ಕಳಚಲು ಬಿಡುವುದಿಲ್ಲ, ಬಲವಂತವಾಗಿ ಕಳಚಿದರೆ, ತೆರೆದಿಟ್ಟ ಫೈಲ್‌ಗಳೂ ನಿಂತಿದ್ದ ಜಾಗವೂ ‘ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್’ ಎನ್ನತೊಡಗುತ್ತವೆ. ಆಗ ನೋಟ್‌ಬುಕ್‌ನ ಕೋಡನ್ನು ಓಡಿಸುವ ಕರ್ನಲ್ಲನ್ನೇ ಮರುಪ್ರಾರಂಭಿಸಿ, ಬೆಳಗಿನಿಂದ ಕಟ್ಟಿದ್ದ ವೇರಿಯಬಲ್‌ಗಳನ್ನೆಲ್ಲ ಕಳೆದುಕೊಳ್ಳಬೇಕಾಗುತ್ತದೆ.

ಮೌಂಟನ್ನೇ ಬಿಟ್ಟು ಪೈಥಾನ್‌ನಿಂದ ನೇರವಾಗಿ ಓದುವುದು ಐದನೆಯ ದಾರಿ. ಇದಕ್ಕೆ ಬಳಸುವ ಲೈಬ್ರರಿಯ ಹೆಸರೂ ಎಸ್3ಎಫ್‌ಎಸ್. ಮೇಲೆ ಹೇಳಿದ ಎಸ್3ಎಫ್‌ಎಸ್-ಫ್ಯೂಸ್‌ಗೂ ಇದಕ್ಕೂ ಸಂಬಂಧವಿಲ್ಲ, ಸಹಾಯ ಹುಡುಕುವಾಗ ಎರಡೂ ಕಲಸಿಹೋಗುತ್ತವೆ. ಮೌಂಟ್ ಇಲ್ಲದ ಮೇಲೆ ಹಳಸುವ ಮಾತೆಲ್ಲಿ ಎಂದುಕೊಂಡರೆ ಅದೂ ಸುಳ್ಳು. ಈ ಲೈಬ್ರರಿ ಫೋಲ್ಡರ್ ಪಟ್ಟಿಗಳನ್ನು ನೆನಪಿಟ್ಟುಕೊಳ್ಳುತ್ತದೆ, ಆ ನೆನಪಿಗೆ ತಾನಾಗಿ ಯಾವ ಗಡುವೂ ಇರುವುದಿಲ್ಲ, ಮತ್ತು ಒಂದೇ ಸೆಷನ್‌ನಲ್ಲಿ ಮತ್ತೆ ಕೇಳಿದರೆ ಹಳೆಯ ವಸ್ತುವನ್ನೇ ಮರುಬಳಸುತ್ತದೆ. ಹತ್ತು ನಿಮಿಷದ ಸ್ಕ್ರಿಪ್ಟ್‌ನಲ್ಲಿ ಗೊತ್ತೇ ಆಗದ ಈ ಗುಣ, ಐದು ದಿನ ತೆರೆದಿರುವ ನೋಟ್‌ಬುಕ್‌ನಲ್ಲಿ ನನ್ನ 1000 ಗಂಟೆಯ ತಪ್ಪಿಗೆ ಸಮವಾಗುತ್ತದೆ. ‘ಇನ್‌ವ್ಯಾಲಿಡೇಟ್_ಕ್ಯಾಶ್’ ಎಂಬ ಕರೆ ಇದನ್ನು ಅಳಿಸುತ್ತದೆ. ಅಂದರೆ ಇಲ್ಲಿಯೂ ‘ಮರೆತುಬಿಡು’ ಎನ್ನುವ ಅವಕಾಶವಿದೆ, ಅದಕ್ಕಾಗಿಯೇ ನನ್ನ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ಸ್ಥಾನ.

ಅವಧಿಯನ್ನೆಲ್ಲ ಸೊನ್ನೆ ಮಾಡಿಕೊಂಡು ನಿಶ್ಚಿಂತೆಯಿಂದ ಇರಬಾರದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹಣದ್ದು. ಎಸ್3ಯಲ್ಲಿ ಪಟ್ಟಿ ಕೇಳುವ ವಿನಂತಿಯ ದರ ಫೈಲ್ ಓದುವ ವಿನಂತಿಗಿಂತ ಹಲವು ಪಟ್ಟು ಹೆಚ್ಚು, ಮತ್ತು ಒಂದು ವಿನಂತಿಗೆ ಸಿಗುವುದು ಗರಿಷ್ಠ 1000 ಹೆಸರುಗಳು. ಸಾವಿರಾರು ಸಣ್ಣ ಫೈಲ್‌ಗಳಿರುವ ಫೋಲ್ಡರನ್ನು ನೋಟ್‌ಬುಕ್‌ನ ಪಕ್ಕದ ಫೈಲ್ ಫಲಕದಲ್ಲಿ ತೆರೆದಿಟ್ಟರೆ, ಅದು ತನ್ನಷ್ಟಕ್ಕೆ ಮತ್ತೆ ಮತ್ತೆ ಪಟ್ಟಿ ಕೇಳುತ್ತಿರುತ್ತದೆ. ಅದರ ಮೇಲೆ ಆರ್‌ಕ್ಲೋನ್ ಮಾರ್ಪಾಡಿನ ಸಮಯವನ್ನು ತಿಳಿಯಲು ಪ್ರತಿ ಫೈಲಿಗೂ ಇನ್ನೊಂದು ವಿನಂತಿ ಕಳುಹಿಸುತ್ತದೆ. ‘ಯೂಸ್-ಸರ್ವರ್-ಮಾಡ್‌ಟೈಮ್’ ಆಯ್ಕೆ ಕೊಟ್ಟರೆ ಅದು ತಪ್ಪುತ್ತದೆ. ಬಿಲ್ ಕಟ್ಟುವುದು ಸಂಸ್ಥೆಯಾಗಿದ್ದರೆ ನಾನೂ ಇಷ್ಟು ಲೆಕ್ಕ ಹಾಕುತ್ತಿರಲಿಲ್ಲ.

ಈಗಿನ ನನ್ನ ವ್ಯವಸ್ಥೆ ಹೀಗಿದೆ. ಆರ್‌ಕ್ಲೋನ್ ಮೌಂಟ್, ಪಟ್ಟಿಯ ಅವಧಿ 1 ಗಂಟೆ, ಆರ್‌ಸಿ ಚಾಲೂ. ದತ್ತಾಂಶ ಓದುವ ಸೆಲ್‌ನ ಮೊದಲ ಸಾಲಿನಲ್ಲಿ ಆ ಒಂದು ಫೋಲ್ಡರಿಗೆ ಮಾತ್ರ ‘ಫರ್ಗೆಟ್’, ಎರಡನೆಯ ಸಾಲಿನಲ್ಲಿ ಫೈಲ್‌ಗಳ ಎಣಿಕೆ ಮತ್ತು ಕೊನೆಯ ಫೈಲಿನ ಸಮಯದ ಮುದ್ರಣ, ಆಮೇಲೆ ಓದು. ಎಣಿಕೆಯ ಆ ಸಾಲನ್ನು ಸೇರಿಸಿದ ಎರಡನೆಯ ವಾರವೇ ಸಂಖ್ಯೆ ಮತ್ತೆ ನಿಂತಲ್ಲೇ ನಿಂತಿತು. ಮೌಂಟಿನ ಮೇಲೆ ಹರಿಹಾಯ್ದು ಅರ್ಧ ಗಂಟೆ ಕಳೆದ ಮೇಲೆ ತಿಳಿಯಿತು, ಈ ಸಲ ಮೌಂಟ್ ತಾಜಾ ಆಗಿಯೇ ಇತ್ತು. ಫೈಲ್ ಕಳುಹಿಸುವ ಯಂತ್ರವೇ ನಿಂತುಹೋಗಿತ್ತು.