ಕಲೋ ನೆಡೋದಾ, ಉವಾಲಾ ನೆಡೋದಾ?

ಹವಾಯಿಯಲ್ಲಿ ತುಂಡು ಜಾಗ ಸಿಕ್ಕಿದೆ, ಅಲ್ಲಿನ ಹಳೆಯ ಬೆಳೆ ಬೆಳೆಯಬೇಕು ಅಂತಿದ್ದೀರಾ? ಮೊದಲು ನೀರು ನೋಡಿ.

ಹೊಳೆ ಹತ್ತಿರವಿದ್ದರೆ ಕಲೋ. ನಮ್ಮ ಪತ್ರೊಡೆಯ ಕೆಸುವೇ ಅದು. ಮೂಲ ಆಗ್ನೇಯ ಏಷ್ಯಾ, ನ್ಯೂಗಿನಿ ಕಡೆಯದು. ಪಾಲಿನೇಷ್ಯಾ ಎಂಬ ಪೆಸಿಫಿಕ್ ದ್ವೀಪಗಳ ಜನ ದೋಣಿಯಲ್ಲಿ ಹವಾಯಿಗೆ ತಂದರು. ಕಾಲುವೆ ನೀರು ತಿರುಗಿಸಿ, 'ಲೋಇ' ಎಂಬ ಕೆಸರು ಗದ್ದೆಯಲ್ಲಿ ನೆಡುತ್ತಾರೆ. ನೀರು ತಣ್ಣಗೆ ಹರಿಯುತ್ತಲೇ ಇರಬೇಕು. ನಿಂತು ಬಿಸಿಯಾದರೆ ಗಡ್ಡೆ ಕೊಳೆಯುತ್ತದೆ. ಬೀಜ ಬೇಡ. ಗಡ್ಡೆ ಕಿತ್ತ ಮೇಲೆ ಅದರ ನೆತ್ತಿಯ ಚೂರನ್ನು ದಂಟಿನ ಸಮೇತ ಕೊಯ್ದು ಮತ್ತೆ ಕೆಸರಿಗೆ ಊರುವುದು, ಅಷ್ಟೇ. ಕೊಯ್ಲಿಗೆ 9ರಿಂದ 15 ತಿಂಗಳು. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ, ಗೊತ್ತಲ್ವಾ. ಬೇಯಿಸಿ, ಜಜ್ಜಿ, ನೀರು ಬೆರೆಸಿದರೆ ಪೊಯಿ ಎಂಬ ಅಲ್ಲಿನ ತಿನಿಸು. ಇಟ್ಟಷ್ಟೂ ಹುಳಿ.

ಒಣ ಜಾಗವಾದರೆ ಉವಾಲಾ, ಅಂದರೆ ಸಿಹಿಗೆಣಸು. ತವರು ಅಮೆರಿಕ ಖಂಡ. ಆದರೂ 1778ರಲ್ಲಿ ಯುರೋಪಿನ ನಾವಿಕ ಕ್ಯಾಪ್ಟನ್ ಕುಕ್ ಬರುವ ಮೊದಲೇ ಹವಾಯಿಯಲ್ಲಿತ್ತು! ಹವಾಯಿಯ ಕೊಹಾಲಾ ಎಂಬ ಪ್ರದೇಶದ ಇಳಿಜಾರಿನಲ್ಲಿ ಒಡ್ಡು ಕಟ್ಟಿ, ಬರೀ ಮಳೆ ನಂಬಿ ಬೆಳೆಯುತ್ತಿದ್ದರು. ಬಳ್ಳಿ ತುಂಡು ಊರಿದರೆ 4-6 ತಿಂಗಳಲ್ಲಿ ಗೆಣಸು.

ರುಚಿಗೆ ನನ್ನ ಓಟು ಕಲೋಗೆ. ಆದರೆ ಕೆಸರಿಗಿಳಿದು ಅಭ್ಯಾಸವಿಲ್ಲದವರು ಮೊದಲ ವರ್ಷ ಸುಮ್ನೆ ಗೆಣಸು ಹಾಕಿ.